ಬಿಡುಗಡೆ ಅಂದ್ರೆ ಕ್ಷಮಾದಾನ ಅಲ್ಲ

'ಶಾಂತಿ ಮಾತುಕತೆಗಾಗಿ ಬ್ರಿಟನ್ 1998ರಲ್ಲಿ ಉತ್ತರ ಐರ್ಲೆಂಡ್‌ನ ಉಗ್ರರಿಗೆಲ್ಲ ಕ್ಷಮಾದಾನ ಕೊಟ್ಟಿತು, ಕೇಸುಗಳೂ ಅಳಿಸಿಹೋದವು' ಅನ್ನೋ ಫಾರ್ವರ್ಡ್ ಓಡಾಡುತ್ತಿದೆ. ಅರ್ಧ ನಿಜ, ಅರ್ಧ ಸುಮ್ನೆ ಸೇರಿಸಿದ್ದು.

ಕೈದಿಗಳು ಹೊರಗೆ ಬಂದದ್ದು ನಿಜ. ಉತ್ತರ ಐರ್ಲೆಂಡ್‌ನ ದಶಕಗಳ ಹಿಂಸೆ ನಿಲ್ಲಿಸಲು ಮಾಡಿಕೊಂಡ 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಒಪ್ಪಂದದ ನಂತರ ಎರಡೇ ವರ್ಷದಲ್ಲಿ 400ಕ್ಕೂ ಜಾಸ್ತಿ ಜನ ಬಿಡುಗಡೆಯಾದರು. ಇಂಥ ಕೈದಿಗಳನ್ನು ಇಟ್ಟಿದ್ದ ಮೇಜ್ ಎಂಬ ಜೈಲು ಬಹುತೇಕ ಖಾಲಿಯಾಗಿ, 2000ದಲ್ಲಿ ಮುಚ್ಚಿತು.

ಆದರೆ ಅದು ಷರತ್ತಿನ ಬಿಡುಗಡೆ. ತೀರ್ಪು ರದ್ದಾಗಲಿಲ್ಲ, ಅಪರಾಧ ದಾಖಲೆಯಲ್ಲೇ ಉಳಿಯಿತು. ಕೈಗೆ ಸಿಕ್ಕಿದ್ದು ಲೈಸೆನ್ಸ್, ನಮ್ಮ ಪೆರೋಲ್‌ಗೆ ಹತ್ತಿರದ್ದು. ನಿಷೇಧಿತ ಸಂಘಟನೆಗೆ ಬೆಂಬಲ ಕೊಟ್ಟರೆ, ಹಿಂಸೆಗೆ ಕೈಹಾಕಿದರೆ ಮತ್ತೆ ಒಳಗೆ. ಬೆದರಿಕೆಯ ಮಾತಲ್ಲ ಇದು: 1999ರಲ್ಲಿ ಹೊರಬಂದ ಜಾನಿ ಅಡೇರ್ ಎಂಬ, ಬ್ರಿಟನ್ ಪರ ಸಶಸ್ತ್ರ ಗುಂಪೊಂದರ ನಾಯಕನನ್ನು ಮರುವರ್ಷವೇ ಜೈಲಿಗೆ ವಾಪಸ್ ಕಳಿಸಿದರು.

ಎಲ್ಲರಿಗೂ ಬಾಗಿಲು ತೆರೆಯಲೂ ಇಲ್ಲ. ಕದನವಿರಾಮ ಪಾಲಿಸದ ಗುಂಪಿನವರು ಅರ್ಹರಲ್ಲ. ಒಪ್ಪಂದದ ದಿನದ ನಂತರ ಮಾಡಿದ ಅಪರಾಧಕ್ಕೂ ಇದು ಅನ್ವಯಿಸಲ್ಲ. ಹಳೆಯ ಅಪರಾಧಕ್ಕೆ ಆಮೇಲೆ ಸಿಕ್ಕಿಬಿದ್ದರೂ ವಿಚಾರಣೆ ನಡೆಯುತ್ತಿತ್ತು. ಶಿಕ್ಷೆಯಾದರೆ ಸಾಮಾನ್ಯವಾಗಿ ಗರಿಷ್ಠ ಎರಡು ವರ್ಷ ಜೈಲು. ಕ್ಷಮಾದಾನ ಆಗಿದ್ದರೆ ವಿಚಾರಣೆ ಯಾಕೆ ಬೇಕಿತ್ತು, ಅಲ್ವಾ?

ಒಬ್ಬೊಬ್ಬರ ಅರ್ಜಿಯನ್ನೂ ಸ್ವತಂತ್ರ ಆಯೋಗವೊಂದು ನೋಡುತ್ತಿತ್ತು. ಅದರ ಜಂಟಿ ಅಧ್ಯಕ್ಷರಲ್ಲಿ ಒಬ್ಬರು ದಕ್ಷಿಣ ಆಫ್ರಿಕಾದ ವಕೀಲ ಬ್ರಯನ್ ಕರಿನ್. ಹೊರಗಿನವರನ್ನು ಕೂರಿಸಿದ್ದು ಜಾಣತನ ಅಂತ ನನಗನ್ನಿಸುತ್ತದೆ.

ಇಷ್ಟಾದರೂ, ಮನೆಯವರನ್ನು ಕಳೆದುಕೊಂಡವರಿಗೆ ಇದು ನುಂಗಲಾರದ ತುತ್ತೇ ಆಗಿತ್ತು. 1998ರ ಮೇ 22ರ ಜನಮತದಲ್ಲಿ ಉತ್ತರ ಐರ್ಲೆಂಡ್‌ನ ಶೇ 71ರಷ್ಟು ಮತದಾರರು ಒಪ್ಪಂದಕ್ಕೆ ಹೂಂ ಅಂದರು. ಬೇಡ ಅಂದವರಲ್ಲಿ ಹಲವರ ಸಿಟ್ಟು ಈ ಬಿಡುಗಡೆಯ ಮೇಲೇ ಇತ್ತು.