ಮೊದಲು ಬೆಕ್, ಆಮೇಲೆ ಶ್ವೇಬರ್

ಅಜೈಲ್ (ಸಾಫ್ಟ್‌ವೇರನ್ನು ಚಿಕ್ಕ ಚಿಕ್ಕ ಹಂತಗಳಲ್ಲಿ ಕಟ್ಟುವ ವಿಧಾನ) ಕಲಿಯುವವರು ಶ್ವೇಬರ್ ಮತ್ತು ಸದರ್‌ಲ್ಯಾಂಡ್ ಅವರ ಸ್ಕ್ರಮ್‌ನಿಂದ (ತಂಡದ ಕೆಲಸ ಹೊಂದಿಸುವ ಚೌಕಟ್ಟು) ಆರಂಭಿಸಲಿ, ಕೋಡ್ ಬರೆಯುವ ಶಿಸ್ತು ಕಲಿಸಿದ ಕೆಂಟ್ ಬೆಕ್ ಅವರನ್ನು ಆಮೇಲೆ ನೋಡಿಕೊಳ್ಳಲಿ ಎಂಬ, ಅಜೈಲ್ ಕುರಿತ ಲೇಖನವೊಂದರ ಲೇಖಕರ ಸಲಹೆ ತಲೆಕೆಳಗಾಗಿದೆ. 2001ರಲ್ಲಿ ಯೂಟಾದ ಸ್ನೋಬರ್ಡ್‌ನಲ್ಲಿ ಸೇರಿ ಅಜೈಲ್ ಪ್ರಣಾಳಿಕೆ ಬರೆದ 17 ಮಂದಿಯಲ್ಲಿ ಬೆಕ್, ಕನ್ನಿಂಗ್‌ಹ್ಯಾಮ್, ಫೌಲರ್ ಅವರು ಕೈಹಾಕಿದ್ದು ಕೋಡ್ ಬರೆಯುವ ಬಗೆಗೇ. ಸ್ಕ್ರಮ್ ಅದರ ಗೋಜಿಗೆ ಹೋಗುವುದಿಲ್ಲ. ಸ್ಕ್ರಮ್ ಪಾಲಿಸುತ್ತಿದ್ದ ನಮ್ಮ ತಂಡದಲ್ಲಿ ಬೆಳಗಿನ ಸ್ಟ್ಯಾಂಡ್‌ಅಪ್ ಸಭೆ ಒಂದು ದಿನವೂ ತಪ್ಪುತ್ತಿರಲಿಲ್ಲ; ಬಡ್ಡಿ ಲೆಕ್ಕದ ಒಂದೇ ಒಂದು ಸಾಲು ತಿದ್ದಲು ಮಾತ್ರ ಎಲ್ಲರಿಗೂ ಅಳುಕು, ಏಕೆಂದರೆ ಅದಕ್ಕೆ ಒಂದೂ ಟೆಸ್ಟ್ (ಕೋಡ್ ಸರಿಯಾಗಿ ಓಡುತ್ತದೆಯೇ ಎಂದು ಪರೀಕ್ಷಿಸುವ ಚಿಕ್ಕ ಕೋಡ್) ಇರಲಿಲ್ಲ. ಮೊದಲು ಸೋಲುವ ಟೆಸ್ಟ್, ಬಳಿಕ ಅದು ಪಾಸಾಗುವಷ್ಟೇ ಕೋಡ್, ಆಮೇಲೆ ಅದನ್ನು ಒಪ್ಪಮಾಡುವುದು: ಬೆಕ್ ಕಲಿಸಿದ ಈ ಕ್ರಮ ರೂಢಿಯಾಗದೆ ಎರಡು ವಾರದ ಸ್ಪ್ರಿಂಟ್ (ಸ್ಕ್ರಮ್‌ನಲ್ಲಿ ಕೆಲಸದ ಒಂದು ಸುತ್ತು) ಮುಗಿದರೂ ಧೈರ್ಯವಾಗಿ ಗ್ರಾಹಕರ ಮುಂದಿಡುವಂಥದ್ದು ಏನೂ ಇರುವುದಿಲ್ಲ. (ಪ್ರಮಾಣಪತ್ರ ಹಂಚುವ ತರಬೇತಿಗಳಲ್ಲಿ ಇದರ ಸುದ್ದಿ ಕೇಳುವುದೇ ಅಪರೂಪ.) ಕನ್ನಿಂಗ್‌ಹ್ಯಾಮ್ ಹೇಳಿದ ತಾಂತ್ರಿಕ ಸಾಲದ (ಅವಸರದಲ್ಲಿ ಬರೆದ ಕೋಡ್ ಮುಂದೆ ಬಡ್ಡಿಯಂತೆ ಹೆಚ್ಚಿನ ಕೆಲಸ ಕೇಳುತ್ತದೆ ಎಂಬ) ಮಾತನ್ನು ಲೇಖಕರು ಏಕೆ ಬಿಟ್ಟರು?