ಸ್ಪಷ್ಟನೆ: ಅಂಚು ಕತ್ತರಿಸಿದ ಮಾತ್ರಕ್ಕೆ ಸಿಲಿಕ್ವಾ ನಕಲಿಯಲ್ಲ

‘ಅಂಚು ಕತ್ತರಿಸಿದ ಸಿಲಿಕ್ವಾ ಎಲ್ಲವೂ ನಕಲಿ, ಕೊಳ್ಳಬೇಡಿ’ ಎಂಬ ಮಾತು ನಾಣ್ಯ ಸಂಗ್ರಾಹಕರ ನಡುವೆ ಓಡಾಡುತ್ತಿದೆ. ಇದು ತಪ್ಪು.

ಸಿಲಿಕ್ವಾ ಅಂದರೆ ರೋಮನ್ ಸಾಮ್ರಾಜ್ಯದ ಕೊನೆಗಾಲದ ತೆಳುವಾದ ಬೆಳ್ಳಿ ನಾಣ್ಯ. 5ನೇ ಶತಮಾನದ ಶುರುವಿನಲ್ಲಿ ಬ್ರಿಟನ್‌ಗೆ ಹೊಸ ನಾಣ್ಯ ಬರುವುದು ನಿಂತಿತು. ಆಗ ಅಲ್ಲಿ ಇದ್ದ ನಾಣ್ಯಗಳ ಅಂಚನ್ನೇ ಕತ್ತರಿಸಿ ಬೆಳ್ಳಿ ತೆಗೆದರು. ಚಕ್ರವರ್ತಿಯ ಮುಖವನ್ನು ಮಾತ್ರ ಸಾಮಾನ್ಯವಾಗಿ ಮುಟ್ಟುತ್ತಿರಲಿಲ್ಲ.

1992ರಲ್ಲಿ ಇಂಗ್ಲೆಂಡಿನ ಹಾಕ್ಸನ್‌ನಲ್ಲಿ ಸಿಕ್ಕ ನಿಧಿಯನ್ನೇ ನೋಡಿ. ಅದರಲ್ಲಿ 14,000ಕ್ಕೂ ಜಾಸ್ತಿ ಸಿಲಿಕ್ವಾ ಇದ್ದವು. ಬಹುಪಾಲು ಕತ್ತರಿಸಿದವೇ. ಅವು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಹಾಗಂತ ಕತ್ತರಿಸಿದ್ದೆಲ್ಲ ಅಸಲಿಯೂ ಅಲ್ಲ. ಆ ಕಾಲದವರೇ ಮಾಡಿದ ನಕಲುಗಳೂ ಅದೇ ನಿಧಿಯಲ್ಲಿವೆ. ಕೊಳ್ಳುವಾಗ ಅಕ್ಷರ, ಮುಖದ ಕೆತ್ತನೆ, ಲೋಹ ನೋಡಿ. ಅಂಚೊಂದನ್ನೇ ನೋಡಿ ಸುಮ್ನೆ ತಳ್ಳಿಹಾಕಬೇಡಿ.