ಲಿಂಬೆ-ಲವಂಗಕ್ಕೆ ನುಸಿ ಹೆದರುವುದಿಲ್ಲ

ಮಳೆ ಹಿಡಿದ ಕೂಡಲೇ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಬಗೆಯ ಮೆಸೇಜ್ ಶುರುವಾಗುತ್ತವೆ. ಒಂದು, ಪತ್ರೊಡೆಯ ಫೋಟೋ. ಇನ್ನೊಂದು, ನುಸಿ ಓಡಿಸುವ ಮನೆಮದ್ದು. ಘಟ್ಟದ ಮೇಲಿನವರು ಸೊಳ್ಳೆ ಅಂತ ಓದಿಕೊಳ್ಳಿ. ಅರ್ಧ ಲಿಂಬೆಗೆ ಲವಂಗ ಚುಚ್ಚಿ ಮಂಚದ ಹತ್ತಿರ ಇಡಿ. ನೀರಿಗೆ ಕರ್ಪೂರ ಹಾಕಿ ಕೋಣೆಯ ಮೂಲೆಯಲ್ಲಿಡಿ. ಖಾಲಿಯಾದ ಲಿಕ್ವಿಡ್ ಬಾಟಲಿಗೆ ಬೇವಿನೆಣ್ಣೆ, ಕರ್ಪೂರ ತುಂಬಿ ಮತ್ತೆ ಪ್ಲಗ್ಗಿಗೆ ಸಿಕ್ಕಿಸಿ. ಎಲ್ಲದರ ಕೊನೆಗೂ ಒಂದೇ ಸಾಲು: ಪೂರ್ತಿ ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ.

ನನಗೆ ಮನೆಮದ್ದಿನ ಮೇಲೆ ಸಿಟ್ಟೇನಿಲ್ಲ. ನಮ್ಮ ಅಡುಗೆಮನೆಗೆ ಸ್ಪ್ರೇ ಡಬ್ಬಿ ಬರುವುದೇ ಇಲ್ಲ. ಇರುವೆ, ಜಿರಳೆ, ಅಕ್ಕಿಯ ಗುಗ್ಗುರು, ಹಣ್ಣಿನ ನೊಣ, ಮಲ್ಲಿಗೆ ಗಿಡದ ಹುಳ, ಇಷ್ಟಕ್ಕೂ ಮನೆಯಲ್ಲಿರುವ ಸಾಮಾನೇ ಸಾಕು. ಆದರೆ ನುಸಿಯ ವಿಷಯ ಬೇರೆ. ಇರುವೆ ಕಚ್ಚಿದರೆ ತುರಿಸಿಕೊಂಡು ಸುಮ್ಮನಾಗಬಹುದು. ನುಸಿ ಕಚ್ಚಿದರೆ ಮಲೇರಿಯಾ, ಡೆಂಗಿ. ಮಂಗಳೂರಿನಲ್ಲಿ ಕೂತುಕೊಂಡು ಎರಡಕ್ಕೂ ಒಂದೇ ಮದ್ದು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಮೊದಲು ಕೆಲಸ ಮಾಡುವ ಮದ್ದುಗಳನ್ನು ಹೇಳುತ್ತೇನೆ.

ಮಳೆಗಾಲದಲ್ಲಿ ಇರುವೆಗಳ ಗೂಡಿಗೆ ನೀರು ನುಗ್ಗುತ್ತದೆ, ಅವು ನಮ್ಮ ಮನೆಯೊಳಗೆ ಬರುತ್ತವೆ. ಮುಂದೆ ಹೋದ ಇರುವೆ ನೆಲದ ಮೇಲೆ ಒಂದು ವಾಸನೆ ಬಿಟ್ಟು ಹೋಗುತ್ತದೆ. ಹಿಂದಿನದು ಅದನ್ನೇ ಹಿಡಿದು ಬರುತ್ತದೆ. ಹಾಗಾಗಿ ಸಾಲನ್ನು ಗುಡಿಸಿದರೆ ಸಾಲದು, ದಾರಿಯನ್ನೇ ಒರೆಸಬೇಕು. ಒಂದು ಪಾಲು ವಿನೆಗರ್, ಒಂದು ಪಾಲು ನೀರು. ವಿನೆಗರ್ ಇಲ್ಲದಿದ್ದರೆ ಪಾತ್ರೆ ತೊಳೆಯುವ ಸೋಪಿನ ನೀರೂ ಆಗುತ್ತದೆ. ಬಟ್ಟೆ ಅದ್ದಿ ಸಾಲು ಶುರುವಾದಲ್ಲಿಂದ ಮುಗಿಯುವಲ್ಲಿವರೆಗೆ ಒರೆಸಿ. ಗೋಡೆಯ ತೂತಿಗೆ ಸ್ವಲ್ಪ ಸಿಮೆಂಟೋ ವೈಟ್ ಸಿಮೆಂಟೋ ಮೆತ್ತಿ. ಅರಿಶಿನದ ಗೆರೆ ಎಳೆಯುವವರೂ ಇದ್ದಾರೆ. ನಮ್ಮ ಊರಿನ ತೇವಕ್ಕೆ ಅದು ಮರುದಿನಕ್ಕೇ ಕೆಸರಾಗುತ್ತದೆ, ಇರುವೆ ಪಕ್ಕದಿಂದ ದಾಟಿಕೊಂಡು ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಇರುವೆ ಚಾಕ್ ಸುಣ್ಣದ ಕಡ್ಡಿಯಂತೆ ಕಾಣುತ್ತದೆ ಅಷ್ಟೇ, ಅದರಲ್ಲಿರುವುದು ಸೈಪರ್‌ಮೆಥ್ರಿನ್‌ನಂಥ ಕೀಟನಾಶಕ. ರೊಟ್ಟಿ ಲಟ್ಟಿಸುವ ಕಟ್ಟೆಯ ಮೇಲೆ ಅದರಲ್ಲಿ ಗೆರೆ ಎಳೆಯುವವರನ್ನು ಕಂಡರೆ ನನಗೆ ಗಾಬರಿಯಾಗುತ್ತದೆ.

ಜಿರಳೆಗೆ ಬೋರಿಕ್ ಪೌಡರ್. ನಾವು ಚಿಕ್ಕವರಿದ್ದಾಗ ಕೇರಂ ಬೋರ್ಡಿಗೆ ಉದುರಿಸುತ್ತಿದ್ದೆವಲ್ಲ, ಅದೇ. ಪುಡಿ ಮಾಡಿದ ಸಕ್ಕರೆ, ಗೋಧಿ ಹಿಟ್ಟು, ಬೋರಿಕ್ ಸೇರಿಸಿ, ಎರಡು ಹನಿ ಹಾಲು ಹಾಕಿ ಕಡಲೆಕಾಳಿನಷ್ಟು ಗುಳಿಗೆ ಕಟ್ಟಬೇಕು. ಬೋರಿಕ್ ಸ್ವಲ್ಪ ಕಡಿಮೆ ಇದ್ದರೆ ತೊಂದರೆಯಿಲ್ಲ, ಜಾಸ್ತಿಯಾದರೆ ಜಿರಳೆ ಬಾಯಿಗೇ ಹಾಕುವುದಿಲ್ಲ. ಗ್ಯಾಸ್ ಸಿಲಿಂಡರಿನ ಹಿಂದೆ, ಸಿಂಕಿನ ಕೆಳಗೆ, ಫ್ರಿಜ್ಜಿನ ಹಿಂದೆ ಇಡಿ. ಇದು ನಿಧಾನದ ಮದ್ದು. ಒಂದೇ ರಾತ್ರಿಯಲ್ಲಿ ಸತ್ತ ಜಿರಳೆಗಳ ರಾಶಿ ನೋಡಬೇಕೆನ್ನುವವರಿಗೆ ನಿರಾಸೆಯಾಗುತ್ತದೆ. ಮೊಟ್ಟೆಯ ಚೀಲದೊಳಗಿರುವ ಮರಿಗಳಿಗೆ ಇದು ತಾಗುವುದಿಲ್ಲ, ಆದ್ದರಿಂದ ಕೆಲವು ವಾರ ಬಿಟ್ಟು ಇನ್ನೊಮ್ಮೆ ಇಡಬೇಕು. ರಾತ್ರಿ ಮಲಗುವ ಮೊದಲು ಸಿಂಕ್ ಒಣಗಿಸಿ. ಜಿರಳೆಗೆ ಊಟಕ್ಕಿಂತ ನೀರು ಮುಖ್ಯ. ಅಂಬೆಗಾಲಿಡುವ ಮಗು, ಬೆಕ್ಕು, ನಾಯಿ ಇರುವ ಮನೆಯಲ್ಲಿ ಈ ಗುಳಿಗೆ ಕೈಗೆ ಸಿಗುವಲ್ಲಿ ಇಡಲೇಬೇಡಿ. ಮನೆಯಲ್ಲೇ ಕಟ್ಟಿದ್ದಾದರೂ ವಿಷ ವಿಷವೇ.

ಹಲಸು, ಮಾವಿನ ಕಾಲದ ಚಿಕ್ಕ ನೊಣಗಳಿಗೆ ಲೋಟದಲ್ಲಿ ಸ್ವಲ್ಪ ವಿನೆಗರ್, ಕೊಳೆತ ಬಾಳೆಹಣ್ಣಿನ ಚೂರು, ಒಂದು ಹನಿ ಸೋಪು. ಸೋಪು ಬಿದ್ದ ನೀರಿನ ಮೇಲೆ ನೊಣ ಕೂರಲಾಗದೆ ಮುಳುಗುತ್ತದೆ. ಮಲ್ಲಿಗೆ ಗಿಡಕ್ಕೆ, ಟೆರೇಸಿನ ಗುಳ್ಳ ಬದನೆಗೆ ಹುಳ ಹಿಡಿದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎಣ್ಣೆ ನೀರಿಗೆ ಬೆರೆಯಲು ಸ್ವಲ್ಪ ಸೋಪು. ಸಂಜೆ ಹೊತ್ತಿನಲ್ಲಿ ಎಲೆಯ ಅಡಿಭಾಗಕ್ಕೆ ತಾಗುವಂತೆ ಹೊಡೆಯಿರಿ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಹುಳುವನ್ನು ತಕ್ಷಣ ಕೊಲ್ಲುವುದಿಲ್ಲ. ಅದರ ಹಸಿವನ್ನು, ಬೆಳವಣಿಗೆಯನ್ನು ಕೆಡಿಸುತ್ತದೆ. ಮಳೆ ಬಂದರೆ ತೊಳೆದು ಹೋಗುತ್ತದೆ, ಪುನಃ ಹೊಡೆಯಬೇಕು.

ಇನ್ನು ಅಕ್ಕಿ. ಇಲ್ಲಿ ನಮ್ಮ ಹಿರಿಯರ ಬುದ್ಧಿಗೆ ಕೈ ಮುಗಿಯಬೇಕು. ತುಳುನಾಡಿನಲ್ಲಿ ಅಕ್ಕಿಯನ್ನು ಬೈಹುಲ್ಲಿನೊಳಗೆ ಬಿಗಿಯಾಗಿ ಸುತ್ತಿ ಮುಡಿ ಕಟ್ಟುತ್ತಿದ್ದರು. ಒಂದು ಮುಡಿ ಅಂದರೆ 42 ಸೇರು. ಚೆನ್ನಾಗಿ ಒಣಗಿದ ಅಕ್ಕಿ, ಗಾಳಿಯಾಡದಷ್ಟು ಬಿಗಿಯಾದ ಕಟ್ಟು, ಮೇಲಿನಿಂದ ಒಲೆಯ ಹೊಗೆ. ಗುಗ್ಗುರಿಗೆ ಅಲ್ಲಿ ಬಾಳುವೆ ಕಷ್ಟವಿತ್ತು. ಈಗ ನಮ್ಮದು ಗ್ಯಾಸ್ ಒಲೆ, ಪ್ಲಾಸ್ಟಿಕ್ ಡ್ರಮ್, ಹೊಗೆಯಿಲ್ಲ. ಆದರೂ ಒಣಗಿಸುವ ಭಾಗ ನಮ್ಮ ಕೈಯಲ್ಲಿದೆ. ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲು, ಬಿಸಿಲು ಸುಡುವಾಗ ಅಕ್ಕಿ, ಬೇಳೆ, ಕಡಲೆ ಎಲ್ಲ ಒಮ್ಮೆ ಚಾಪೆಯ ಮೇಲೆ ಬೀಳಬೇಕು. ಡಬ್ಬಿಗೆ ಒಣಮೆಣಸು, ಒಣಗಿಸಿದ ನೆಕ್ಕಿ ಸೊಪ್ಪು ಹಾಕಬಹುದು. ನೆಕ್ಕಿ ಅಂದರೆ ಲಕ್ಕಿ ಗಿಡ. ಯೂಟ್ಯೂಬಿನವರು ಬಾಯಿಬಿಟ್ಟರೆ ಬೇವಿನ ಸೊಪ್ಪು ಅನ್ನುತ್ತಾರೆ. ಅದು ಒಣ ಸೀಮೆಯ ಮರ. ನಮ್ಮ ಕರಾವಳಿಯ ಮಳೆಗೆ ಬೇವು ಅಷ್ಟು ಸುಲಭದಲ್ಲಿ ಕಣ್ಣಿಗೆ ಬೀಳುವುದಿಲ್ಲ. ನೆಕ್ಕಿಯಾದರೆ ಹಳ್ಳಿಮನೆಯ ಬೇಲಿಯಲ್ಲೇ ಇರುತ್ತದೆ. ರವೆ, ಮೈದಾ ಮಾತ್ರ ತಂದ ಕೂಡಲೇ ಮೂರ್ನಾಲ್ಕು ದಿನ ಫ್ರೀಜರಿನಲ್ಲಿಡಿ. ಮೊಟ್ಟೆಯೂ ಸಾಯುತ್ತದೆ. ಯಾವ ಸೊಪ್ಪೂ ಇದರ ಸಮಕ್ಕೆ ಬರುವುದಿಲ್ಲ.

ಒಣಮೀನಿಗೂ ಇದೇ ನೀತಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಕಾಲಕ್ಕೆಂದು ಕಟ್ಟಿಟ್ಟದ್ದಕ್ಕೆ ಹುಳ ಬಿದ್ದರೆ ಆಗುವ ಸಂಕಟ ಮೀನು ತಿನ್ನುವವರಿಗೇ ಗೊತ್ತು. ಇನ್ನೊಂದು ಬಿಸಿಲು, ಬಿಗಿ ಮುಚ್ಚಳ. ಬೇರೆ ಮದ್ದಿಲ್ಲ.

ಬಟ್ಟೆಯ ಕಪಾಟಿಗೆ ಲಾವಂಚದ ಬೇರಿನ ಕಟ್ಟು ಇಡಿ, ಒಳ್ಳೆಯ ಪರಿಮಳ. ಬಟ್ಟೆಯ ನಡುವೆ ಹಾಕುವ ಬಿಳಿ ನುಸಿಗುಳಿಗೆ ನೈಸರ್ಗಿಕ ಅಲ್ಲ ಮಾರಾಯ್ರೆ, ಅದು ನ್ಯಾಫ್ತಲಿನ್. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಎಳೆ ಮಕ್ಕಳಿಗೆ ಅದರ ಆವಿಯಿಂದಲೇ ರಕ್ತಕಣ ಒಡೆಯುವ ಅಪಾಯ ಉಂಟು. ಬಾಣಂತಿ ಕೋಣೆಯ ಬಟ್ಟೆಗಳ ನಡುವೆ ಅದನ್ನು ಇಡುವವರು ಇವತ್ತೇ ತೆಗೆಯಿರಿ.

ನೈಸರ್ಗಿಕ ಎಂದರೆ ನಿರಪಾಯ ಅಂದುಕೊಂಡವರಿಗೆ ನಮ್ಮ ಊರಿನದ್ದೇ ಒಂದು ಉದಾಹರಣೆ ಕೊಡುತ್ತೇನೆ: ಗೇರುಬೀಜದ ಸಿಪ್ಪೆಯ ಎಣ್ಣೆ. ಗೇರುಬೀಜದ ಕಾರ್ಖಾನೆಗಳ ಊರು ನಮ್ಮದು. ಮಾಡಿನ ಪಕ್ಕಾಸಿಗೆ, ದೋಣಿಯ ಹಲಗೆಗೆ ಈ ಎಣ್ಣೆ ಬಳಿದರೆ ಗೆದ್ದಲು ಹತ್ತಿರ ಬರುವುದಿಲ್ಲ. ಮರದಲ್ಲೇ ಬೆಳೆದದ್ದು, ಒಂದು ಹನಿ ಕೃತಕ ರಾಸಾಯನಿಕವಿಲ್ಲ. ಕೈಗೆ ಹತ್ತಿದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ಗೇರುಬೀಜ ಸುಲಿಯುವ ಹೆಂಗಸರ ಬೆರಳು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರ ಮಗ್ಗುಲಲ್ಲಿ ಅಂಗಡಿಯ ಲಿಕ್ವಿಡ್ ಇಟ್ಟು ನೋಡಿ. ಅದರಲ್ಲಿರುವ ಟ್ರಾನ್ಸ್‌ಫ್ಲುಥ್ರಿನ್, ಪ್ರಾಲೆಥ್ರಿನ್ ಎಲ್ಲ ಸೇವಂತಿಗೆ ಜಾತಿಯ ಒಂದು ಹೂವಿನಲ್ಲಿ ಸಿಗುವ ಪೈರೆಥ್ರಿನ್ ಅನ್ನು ನೋಡಿ ಲ್ಯಾಬಿನಲ್ಲಿ ತಯಾರಿಸಿದ ವಸ್ತುಗಳು. ಇದು ದೇವರದ್ದು, ಅದು ಕಂಪೆನಿಯದ್ದು ಎಂದು ಗೆರೆ ಎಳೆದು ಪ್ರಯೋಜನವಿಲ್ಲ. ಎಷ್ಟು ಹಾಕಿದಿರಿ, ಯಾರಿಗೆ ತಾಗಿತು, ಎಷ್ಟು ಹೊತ್ತು ಇತ್ತು, ಅದನ್ನು ನೋಡಬೇಕು.

ಕರ್ಪೂರವೂ ಹಾಗೆಯೇ. ಮಗು ಅದನ್ನು ಕಲ್ಲುಸಕ್ಕರೆ ಅಂದುಕೊಂಡು ನುಂಗಿದರೆ ಫಿಟ್ಸ್ ಬರಬಹುದು. ಬೇಗ ಹೊತ್ತಿಕೊಳ್ಳುವ ಆ ವಸ್ತುವನ್ನು ದಪ್ಪ ಎಣ್ಣೆಯಲ್ಲಿ ಕರಗಿಸಿ, ಬೇರೆ ದ್ರವಕ್ಕೆಂದು ಮಾಡಿದ ಹೀಟರಿಗೆ ಸಿಕ್ಕಿಸಿ, ರಾತ್ರಿಯಿಡೀ ಮಗುವಿನ ತಲೆಯ ಹತ್ತಿರ ಉರಿಸಿ ಎಂದು ಸಲಹೆ ಕೊಡುವವರಿಗೆ ನಾನು ಏನು ಹೇಳಲಿ? ಬೆರಣಿ, ಅಡಿಕೆ ಸಿಪ್ಪೆ, ಸಾಂಬ್ರಾಣಿ ಹೊಗೆಗೆ ನುಸಿ ದೂರ ಹೋಗುವುದು ನಿಜ. ದನದ ಹಟ್ಟಿಗೆ ಅದು ಸರಿ, ಗಾಳಿ ಆಡುತ್ತದೆ. ಕಿಟಕಿ ಮುಚ್ಚಿದ ಫ್ಲ್ಯಾಟಿನ ಬೆಡ್‌ರೂಮಿಗೆ ಸರಿಯಲ್ಲ. ಒಂದು ನುಸಿ ಬತ್ತಿ ಸುಟ್ಟರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಹೊರಬರುತ್ತದೆ ಎಂದು 2003ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಬೆರಣಿಯ ಹೊಗೆಯೂ ಹೊಗೆಯೇ ತಾನೆ? ದಮ್ಮು ಇರುವ ಅಜ್ಜಿಗೆ ಎರಡೂ ಒಂದೇ.

ಸರಿ, ನುಸಿಗೆ ಬರೋಣ.

ನುಸಿ ನಮ್ಮನ್ನು ಹುಡುಕುವುದು ನಾವು ಬಿಡುವ ಉಸಿರಿನಿಂದ, ಮೈಯ ಬಿಸಿಯಿಂದ, ಬೆವರಿನ ವಾಸನೆಯಿಂದ. ಮೂರೂ ಮಂಗಳೂರಿನಲ್ಲಿ ಧಾರಾಳ. ಮಂಚದ ಪಕ್ಕದ ಲಿಂಬೆ ಈ ಮೂರನ್ನೂ ಮುಚ್ಚಲು ಸಾಧ್ಯವಾ? ಲಿಂಬೆ ಹುಲ್ಲಿನ ಜಾತಿಯ ಸಿಟ್ರೊನೆಲ್ಲಾ ಗಿಡವನ್ನು ಬಾಲ್ಕನಿಯಲ್ಲಿ ಇಟ್ಟರೂ ಅಷ್ಟೇ. ಎಲೆ ಜಜ್ಜದೆ ಅದರ ವಾಸನೆ ಹೊರಗೇ ಬರುವುದಿಲ್ಲ. ಎಣ್ಣೆ ತೆಗೆದು ತೆಂಗಿನೆಣ್ಣೆಗೆ ಸೇರಿಸಿ ಹಚ್ಚಿಕೊಂಡರೆ ಸ್ವಲ್ಪ ಹೊತ್ತು ಉಪಯೋಗವಿದೆ. ಸಂಜೆ ಜಗಲಿಯಲ್ಲಿ ಕೂತು ಮಾತಾಡುವಷ್ಟು ಹೊತ್ತು ಅನ್ನಿ. ಆಮೇಲೆ ಆವಿಯಾಗಿ ಹೋಗುತ್ತದೆ, ಉಳಿದದ್ದನ್ನು ನಮ್ಮ ಬೆವರು ತೊಳೆಯುತ್ತದೆ. ಹಚ್ಚುವುದಾದರೆ ತೆಂಗಿನೆಣ್ಣೆಯಲ್ಲಿ ತೆಳ್ಳಗೆ ಮಾಡಿಯೇ ಹಚ್ಚಿ, ಮೊದಲು ಮೊಣಕೈಯ ಒಳಗೆ ಸ್ವಲ್ಪ ಹಚ್ಚಿ ನೋಡಿ. ಎಳೆ ಮಕ್ಕಳಿಗೆ ಬೇಡ. ಗಿಡದಿಂದ ಬಂದದ್ದರಲ್ಲಿ ಗಟ್ಟಿಯಾಗಿ ಕೆಲಸ ಮಾಡುವುದು ಲೆಮನ್ ಯೂಕಲಿಪ್ಟಸ್‌ನಿಂದ ಸಂಸ್ಕರಿಸಿ ತೆಗೆದ ಸಾರ. ಊಟಿಗೆ ಹೋದವರು ತರುವ ನೀಲಗಿರಿ ಎಣ್ಣೆ ಅದಲ್ಲ. ಆ ಸಾರವನ್ನೂ ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಹಚ್ಚಬಾರದು ಎನ್ನುತ್ತಾರೆ.

ಇನ್ನೊಂದು ಮಾತು. ಮಲೇರಿಯಾದ ಅನಾಫಿಲಿಸ್ ಕತ್ತಲಾದ ಮೇಲೆ ಕಚ್ಚುತ್ತದೆ. ಡೆಂಗಿಯ ಈಡಿಸ್ ಹಗಲಿನಲ್ಲಿ ಕಚ್ಚುತ್ತದೆ. ಸಂಜೆ ಆರಕ್ಕೆ ಧೂಪ ಹಾಕಿ ನಿಶ್ಚಿಂತೆಯಿಂದ ಕೂರುವವರ ಮಕ್ಕಳನ್ನು ಬೆಳಿಗ್ಗೆ ಶಾಲೆಯ ಬೆಂಚಿನ ಕೆಳಗೆ ಈಡಿಸ್ ಕಚ್ಚಿರುತ್ತದೆ.

ಇದಕ್ಕೂ ಮನೆಮದ್ದು ಇದೆ, ಪುಕ್ಕಟೆಯದ್ದು. ನೀರು ಚೆಲ್ಲುವುದು. ರೊನಾಲ್ಡ್ ರಾಸ್ ಗೊತ್ತಲ್ಲ, 1897ರಲ್ಲಿ ಸಿಕಂದರಾಬಾದಿನಲ್ಲಿ ನುಸಿಯ ಹೊಟ್ಟೆಯೊಳಗೆ ಮಲೇರಿಯಾದ ಪರೋಪಜೀವಿಯನ್ನು ಕಂಡವರು. ಅದಕ್ಕೂ ಎಷ್ಟೋ ಮೊದಲು, 1883ರಲ್ಲಿ, ಅವರು ನಮ್ಮ ಬೆಂಗಳೂರಿನಲ್ಲಿ ವೈದ್ಯರಾಗಿದ್ದರು. ಬಂಗಲೆಯಲ್ಲಿ ನುಸಿ ಕಾಟ. ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಗಳನ್ನು ಕಂಡು ಅದನ್ನು ಖಾಲಿ ಮಾಡಿಸಿದರು, ಕಾಟ ಇಳಿಯಿತು. ಇಂದಿಗೂ ಇದಕ್ಕಿಂತ ಒಳ್ಳೆಯ ಮದ್ದು ಬಂದಿಲ್ಲ.

ನಮ್ಮಲ್ಲಿ ಪೀಪಾಯಿ ಯಾವುದು? ತೋಟದಲ್ಲಿ ಬಿದ್ದ ಅಡಿಕೆ ಹಾಳೆ. ಮಳೆಗೆ ಕಟ್ಟಿದ ಟರ್ಪಾಲಿನ ಮಡಿಕೆ. ತೆಂಗಿನ ಗೆರಟೆ. ಮನಿ ಪ್ಲಾಂಟಿನ ಬಾಟಲಿ, ಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ. ಇರುವೆ ಬರದಂತೆ ಕಪಾಟಿನ ಕಾಲಿಗೆ ಇಡುವ ನೀರಿನ ಬಟ್ಟಲೂ ಸೇರಿತು, ಅದಕ್ಕೆ ಒಂದು ಮುಷ್ಟಿ ಉಪ್ಪು ಹಾಕಿ. ಸುಳ್ಯ, ಕಡಬ ಕಡೆಯವರಿಗೆ ರಬ್ಬರ್ ಮರದ ಹಾಲು ಹಿಡಿಯುವ ಚಿಪ್ಪುಗಳು. 2008ರಲ್ಲಿ ಇದೇ ಈಡಿಸ್ ಹರಡುವ ಚಿಕುನ್‌ಗುನ್ಯ ನಮ್ಮ ಜಿಲ್ಲೆಯನ್ನು ಹಾಸಿಗೆಗೆ ಕೆಡವಿದ್ದು ಯಾರೂ ಮರೆತಿರಲಿಕ್ಕಿಲ್ಲ. ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ಸುತ್ತು ಹೊಡೆಯಬೇಕು. ಚೆಲ್ಲಿದರಷ್ಟೇ ಸಾಲದು, ಪಾತ್ರೆಯ ಒಳಬದಿಯನ್ನು ತಿಕ್ಕಬೇಕು. ಈಡಿಸ್‌ನ ಮೊಟ್ಟೆ ಒಣಗಿದ ಪಾತ್ರೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ಬಿದ್ದಾಗ ಏಳುತ್ತದೆ. ಬಾವಿಗೆ ಗಪ್ಪಿ ಮೀನು ಬಿಡಿ, ಅದು ಮರಿಗಳನ್ನು ತಿನ್ನುತ್ತದೆ. ಟ್ಯಾಂಕಿಗೆ ಮುಚ್ಚಳ. ರಾತ್ರಿ ಪರದೆ.

ಟ್ಯಾಂಕಿನ ಮಾತು ಸುಮ್ನೆ ಹೇಳಿದ್ದಲ್ಲ. ನಗರದ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸೈ ಚರಂಡಿಯ ಕೊಳೆ ನೀರಿಗಿಂತ ತಾರಸಿಯ ಟ್ಯಾಂಕು, ಬಾವಿ, ಕಟ್ಟಡದ ಸಿಮೆಂಟ್ ಗಟ್ಟಿಯಾಗಲು ನಿಲ್ಲಿಸುವ ಕ್ಯೂರಿಂಗ್ ನೀರನ್ನು ಇಷ್ಟಪಡುತ್ತದೆ. ತೊಂಬತ್ತರ ದಶಕದಲ್ಲಿ ಮಂಗಳೂರಿನಲ್ಲಿ ಕಟ್ಟಡಗಳು ಏಳುತ್ತಾ ಹೋದಂತೆ ಮಲೇರಿಯಾವೂ ಏರಿತು. ಈಗ ಬಹಳ ಇಳಿದಿದೆ. ಅದು ಇಳಿದದ್ದು ರಕ್ತಪರೀಕ್ಷೆ ಮಾಡಿ, ಮನೆಮನೆ ಸುತ್ತಿ, ನೀರು ಹುಡುಕಿದವರಿಂದ. ಲಿಂಬೆಹಣ್ಣಿನಿಂದ ಅಲ್ಲ.

ನಮ್ಮ ಮನೆಯ ಪಕ್ಕದಲ್ಲೂ ಒಂದು ಕಟ್ಟಡ ಏಳುತ್ತಿದೆ. ಲಿಫ್ಟ್ ಗುಂಡಿಯಲ್ಲಿ ನೀರು ನಿಂತು ಹಸಿರಾಗಿದೆ. ನಾವು ಒಳಗೆ ಎಷ್ಟು ತಟ್ಟೆ ಒಣಗಿಸಿದರೂ ಅಲ್ಲಿಂದ ಹಾರಿ ಬರುವುದನ್ನು ತಡೆಯಲಾದೀತಾ? 2024ರಲ್ಲಿ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ ನುಸಿ ಬೆಳೆಸುವವರಿಗೆ ದಂಡ ಇಟ್ಟಿತು. ನಗರದ ಮನೆಗೆ 400 ರೂಪಾಯಿ, ಕಟ್ಟಡ ಕಟ್ಟುವ ಜಾಗಕ್ಕೆ 2000. ಒಂದೊಂದು ಫ್ಲ್ಯಾಟನ್ನು ಮುಕ್ಕಾಲು ಕೋಟಿಗೆ ಮಾರುವವರಿಗೆ ಎರಡು ಸಾವಿರ ಯಾವ ಲೆಕ್ಕ ಹೇಳಿ? ಆದರೂ ದೂರು ಕೊಡಬೇಕು. ಫೋಟೋ ತೆಗೆದು, ತಾರೀಕು ಹಾಕಿ, ವಾರ್ಡಿನ ಆರೋಗ್ಯ ಕಾರ್ಯಕರ್ತೆಗೆ ಕಳಿಸಿ. ಅಪಾರ್ಟ್‌ಮೆಂಟಿನವರು ಮುಂದಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ಪಾರ್ಕಿಂಗ್ ಜಗಳಕ್ಕೆ ಮೊದಲು ಟ್ಯಾಂಕಿನ ಮುಚ್ಚಳದ ವಿಷಯ ಎತ್ತಿ. ಜ್ವರ ಬಂದರೆ ಕಷಾಯ ಕುಡಿಯಿರಿ, ಬೇಡ ಅನ್ನುವುದಿಲ್ಲ. ಕುಡಿದು ಅದೇ ದಿನ ರಕ್ತ ಪರೀಕ್ಷೆಗೆ ಹೋಗಿ.